ದರ ಮರಳಿತು, ಕೈ ಮರಳಲಿಲ್ಲ

ಕಾಫಿಗೆ ನಮ್ಮ ಹಿರಿಯರು ಕಂಡು ಕೇಳದ ದರ ಬಂದಿದೆ. 2024ರಲ್ಲಿ ಏರತೊಡಗಿದ ಬೆಲೆ 2025ರ ಫೆಬ್ರವರಿ ಹೊತ್ತಿಗೆ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಲಂಡನ್ ಪೇಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ಮೀರಿತು. ಬ್ರೆಜಿಲ್ ಮತ್ತು ವಿಯೆಟ್ನಾಂಗಳ ಬರ ನಮ್ಮ ಕಣಗಳಿಗೆ ಹಣವಾಗಿ ಬಂತು. ಎಷ್ಟೋ ಮನೆಗಳಲ್ಲಿ ಹಳೆಯ ಸಾಲ ತೀರಿತು, ಅರ್ಧಕ್ಕೆ ನಿಂತ ಕಟ್ಟಡಕ್ಕೆ ಸಾರಣೆಯಾಯಿತು, ಮುದಿಯಾದ ಜೀಪಿನ ಜಾಗದಲ್ಲಿ ಹೊಸ ಗಾಡಿ ನಿಂತಿತು. ಕೈ ತುಂಬಿರುವಾಗಲೇ ಹಿಂದಿನ ಲೆಕ್ಕ ನೋಡಬೇಕು. ಬರಿಗೈಯಲ್ಲಿ ನೋಡಿದ ಲೆಕ್ಕದಲ್ಲಿ ದುಃಖ ಸೇರಿಕೊಳ್ಳುತ್ತದೆ. ಕೊಡಗಿನ ಏಳುಬೀಳನ್ನು ತೋಟ, ಸಾಲ, ಕೂಲಿ, ಮಳೆಗಳ ಮೂಲಕ ಅಳೆದವರು ಬಹಳ. ಈ ಸಿಂಹಾವಲೋಕನದಲ್ಲಿ ನಾವು ಕೈಗೆತ್ತಿಕೊಂಡಿರುವುದು ಯಾವ ವರದಿಯಲ್ಲೂ ಕಾಣದ ಒಂದು ಸಣ್ಣ ವಸ್ತು: ಗಾಜಿನ ಕಪಾಟಿನಲ್ಲಿ ಕೂತಿರುವ, ಕೈಯಲ್ಲಿ ಮಾಡಿದ ಪುಟ್ಟ ಕಾರು.

ಕೊಡಗಿನಲ್ಲಿ ಮಾದರಿ ಕಾರುಗಳ ಸಂಗ್ರಹ ದೊಡ್ಡ ಚಳವಳಿಯಾಗಿ ಬೆಳೆದದ್ದಲ್ಲ. ಅದು ಒಂದೊಂದು ಮನೆಯ ಒಳಗಿನ ಪ್ರೀತಿ. ತೋಟದ ಬಂಗಲೆಯಲ್ಲಿ, ನಿವೃತ್ತ ಸೈನಿಕರ ಮನೆಯ ಹಜಾರದಲ್ಲಿ, ಮಡಿಕೇರಿಯ ಹಂಚಿನ ಮನೆಗಳ ಷೋಕೇಸಿನಲ್ಲಿ, ಹಾಕಿ ಕಪ್ಪು ಮತ್ತು ಪಟಗಳ ನಡುವೆ ಅವು ಇರುತ್ತವೆ. ಅಲ್ಲಿ ಮೂರು ಬಗೆಯವು ಕಾಣುತ್ತವೆ. ಬೆಂಗಳೂರಿಗೆ ಹೋಗಿ ಬರುವಾಗ ಚನ್ನಪಟ್ಟಣದಲ್ಲಿ ಕೊಂಡ ಅರಗಿನ ಬಣ್ಣದ ಮರದ ಕಾರುಗಳು ಮೊದಲನೆಯವು. ತೋಟದ ಆಚಾರಿ ಮಿಕ್ಕ ಹಲಸಿನ ತುಂಡಿನಲ್ಲೋ ಬೀಟೆಯ ತುಂಡಿನಲ್ಲೋ ಕೆತ್ತಿಕೊಟ್ಟ ಜೀಪುಗಳು ಎರಡನೆಯವು. ಪಡೆಯಲ್ಲಿದ್ದವರು, ಹಡಗಿನಲ್ಲಿದ್ದವರು, ವಿದೇಶಕ್ಕೆ ಹೋದ ಮಕ್ಕಳು ತಂದ ಲೋಹದ ಕಾರುಗಳು ಮೂರನೆಯವು. ಜೀಪಿಲ್ಲದೆ ಕೊಡಗಿನ ಬದುಕು ಸಾಗದು. ಸೌದೆ, ಗೊಬ್ಬರ, ಹೆರಿಗೆಯ ಹೆಂಗಸು, ಮದುವೆಯ ದಿಬ್ಬಣ ಎಲ್ಲವೂ ಅದರಲ್ಲೇ ಏರಿ ಇಳಿದಿವೆ. 1947ರಲ್ಲಿ ಮಹೀಂದ್ರಾ ಕಂಪನಿ ಮುಂಬೈಯಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಆರಂಭಿಸಿದ ಮೇಲೆ ಈ ಬೆಟ್ಟಗಳಿಗೆ ಬಂದ ಗಾಡಿಯದು. ಅದರ ಪುಟ್ಟ ರೂಪವನ್ನು ಕಪಾಟಿನಲ್ಲಿಡುವುದು ನಮ್ಮವರಿಗೆ ಮನೆಯ ಹಿರಿಯರ ಪಟ ತೂಗುಹಾಕುವಷ್ಟೇ ಸಹಜವಾಗಿತ್ತು.

ಈ ಕಪಾಟುಗಳು ತುಂಬತೊಡಗಿದ್ದು ಕಾಫಿ ಮಂಡಳಿಯ ಪೂಲ್ ಕಾಲದಲ್ಲಿ. 1942ರ ಕಾಯಿದೆಯಿಂದ ಬಂದ ಆ ವ್ಯವಸ್ಥೆಯಲ್ಲಿ ಬೆಳೆದ ಕಾಫಿಯನ್ನೆಲ್ಲ ಪೂಲಿಗೆ ಒಪ್ಪಿಸಬೇಕಿತ್ತು. ಹಣ ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ಬರುತ್ತಿತ್ತು. ಕಂತು ತಡವಾದರೆ ಮನೆಯ ಖರ್ಚು ತಡವಾಗುತ್ತಿತ್ತು, ಆದರೆ ಬೆಳೆಗಾರ ಒಂದೇ ವರ್ಷದಲ್ಲಿ ಮೇಲೇರುವುದಾಗಲಿ ಮುಳುಗುವುದಾಗಲಿ ಕಡಿಮೆ. ಆ ನಿಧಾನ ಹಣದಲ್ಲಿ ದೊಡ್ಡ ಆಸೆಗೆ ಜಾಗವಿರಲಿಲ್ಲ, ಸಣ್ಣ ಆಸೆಗೆ ಇತ್ತು. ಕಂತು ಬಂದ ತಿಂಗಳು ಮೈಸೂರಿಗೋ ಬೆಂಗಳೂರಿಗೋ ಹೋಗುವ ಪ್ರಯಾಣ. ಹುಣಸೂರು, ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ದಾಟಿ ಚನ್ನಪಟ್ಟಣ. ರಸ್ತೆಯ ಇಕ್ಕೆಲದ ಅಂಗಡಿಗಳಲ್ಲಿ ಹಳದಿ, ಕೆಂಪು, ಹಸಿರು ಬಣ್ಣ ಹೊಳೆಯುತ್ತಿತ್ತು. ಬಸ್ಸು ನಿಂತರೆ ಮಕ್ಕಳ ಕಣ್ಣು ಅಲ್ಲೇ. ಒಂದು ಕಾರು, ಒಂದು ರೈಲು, ಮನೆಯಲ್ಲಿ ತೊಟ್ಟಿಲ ಮಗುವಿದ್ದರೆ ಒಂದು ಗಿಲಕಿ. ಹೀಗೆ ಕೊಂಡದ್ದನ್ನು ಆಗ ಯಾರೂ ಸಂಗ್ರಹ ಎಂದು ಕರೆಯಲಿಲ್ಲ. ಒಡೆಯದೆ ಉಳಿದವು ಮುಂದೆ ಸಂಗ್ರಹವಾದವು.

ಆ ಕಾರಿನ ಹಿಂದೆ ಎಷ್ಟು ಕೆಲಸವಿತ್ತು ಎಂಬುದನ್ನು ನೆನೆಯಬೇಕು. ಚನ್ನಪಟ್ಟಣದ ಕಸುಬಿಗೆ ಟಿಪ್ಪು ಸುಲ್ತಾನನ ಕಾಲದ ನಂಟು ಹೇಳುತ್ತಾರೆ. ಜಪಾನಿನ ಅರಗಿನ ಕೆಲಸ ಕಲಿತು ಬಂದು ಇಲ್ಲಿನವರಿಗೆ ಹೇಳಿಕೊಟ್ಟ ಬಾವಾಸ್ ಮಿಯಾನ್ ಅವರನ್ನು ಊರು ಇಂದಿಗೂ ಸ್ಮರಿಸುತ್ತದೆ. ಆಲೆ ಮರ ಬೆಳ್ಳಗೆ, ಮೃದುವಾಗಿ, ನವಿರಾದ ಎಳೆಯದು. ಅದನ್ನು ಕಡಿದು ಒಣಗಿಸಿ, ಲೇತಿಗೆ ಸಿಕ್ಕಿಸಿ, ಉಳಿಯಿಂದ ರೂಪ ಕೊಡುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಮೇಲೆ ತಾಳೆಗರಿ ಹಿಡಿದು ಮೆರುಗು ಕೊಡುತ್ತಾರೆ. ಆ ಕಾರಿಗೆ ಅಳತೆಪಟ್ಟಿಯ ಲೆಕ್ಕವಿಲ್ಲ. ಬಾನೆಟ್ಟು ಎಷ್ಟು ಉದ್ದ, ಚಕ್ರ ಎಷ್ಟು ದೊಡ್ಡದು ಎಂಬುದು ಮಾಡುವವನ ಕಣ್ಣಿನ ತೀರ್ಮಾನ. ವಿದೇಶದ ಸಂಗ್ರಾಹಕರು ನೆಚ್ಚುವ ಕಾರುಗಳ ರೀತಿ ಬೇರೆ. ಆಟಿಕೆ ರೈಲಿನ ಓ ಗೇಜಿನಿಂದ ಬಂದ 43ರಲ್ಲಿ ಒಂದರ ಅಳತೆ ಅಲ್ಲಿ ಬಹುಮಾನ್ಯ. ಹನ್ನೊಂದು ಅಡಿಯ ವಿಲ್ಲೀಸ್ ಜೀಪು ಆ ಅಳತೆಯಲ್ಲಿ ಎಂಟು ಸೆಂಟಿಮೀಟರಿಗೂ ಕಡಿಮೆಯಾಗಿ ಅಂಗೈಯಲ್ಲಿ ಕೂರುತ್ತದೆ. ಒಂದು ಕಣ್ಣಳತೆಯ ಕಸುಬು, ಇನ್ನೊಂದು ಮಿಲಿಮೀಟರಿನ ಕಸುಬು. ಎರಡಕ್ಕೂ ಮುಗ್ಗಟ್ಟಿನ ಹೊಡೆತ ಬಿತ್ತು, ಆದರೆ ಎರಡರ ಗತಿ ಒಂದೇ ಆಗಲಿಲ್ಲ ಎಂಬುದೇ ನಮ್ಮ ಲೆಕ್ಕದ ತಿರುಳು.

1975ರಲ್ಲಿ ಬ್ರೆಜಿಲಿನ ಕಾಫಿಗೆ ಮಂಜು ಬಡಿದು, 1977ರಲ್ಲಿ ವಿಶ್ವದ ದರ ಪೌಂಡಿಗೆ 3 ಡಾಲರ್ ದಾಟಿದ್ದು ಹಳಬರಿಗೆ ನೆನಪಿದೆ. ಪೂಲಿನ ಮೂಲಕ ಬಂದುದರಿಂದ ಆ ಏರಿಕೆಯ ಪೂರ್ತಿ ಪಾಲು ನಮ್ಮ ಕೈ ಸೇರಲಿಲ್ಲ, ಆದರೂ ಮನೆಗಳಲ್ಲಿ ಉತ್ಸಾಹ ಬಂತು. ಅದೇ ವರ್ಷಗಳಲ್ಲಿ ಸಮುದ್ರದಾಚೆ ಬೇರೆ ಕಥೆ ನಡೆದಿತ್ತು. 1934ರಿಂದ ಡಿಂಕಿ ಹೆಸರಿನ ಪುಟ್ಟ ಕಾರು ಮಾಡುತ್ತಿದ್ದ ಲಿವರ್‌ಪೂಲಿನ ಮೆಕ್ಯಾನೋ ಕಾರ್ಖಾನೆ 1979ರ ನವೆಂಬರಿನಲ್ಲಿ ಬಾಗಿಲು ಹಾಕಿತು. ಮ್ಯಾಚ್‌ಬಾಕ್ಸ್ ಕಾರುಗಳ ಲೆಸ್ನಿ ಕಂಪನಿ 1982ರಲ್ಲಿ ದಿವಾಳಿಯಾಯಿತು, ಕಾರ್ಗಿ ಕಾರುಗಳ ಮೆಟ್ಟಾಯ್ 1983ರಲ್ಲಿ ಕುಸಿಯಿತು. ಡಿಂಕಿಯ ಹಳೆಯ ಅಚ್ಚುಗಳಲ್ಲಿ ಕೆಲವು ಅದಕ್ಕೂ ಮೊದಲೇ ಕಲ್ಕತ್ತೆಗೆ ಬಂದು, 1968ರಿಂದ ನಿಕಿ ಟಾಯ್ಸ್ ಹೆಸರಿನ ಕಾರುಗಳನ್ನು ಎರೆದಿದ್ದವು. ಇಂದು ಅವನ್ನು ಹುಡುಕಿಕೊಂಡು ವಿದೇಶಿಯರು ಬರುತ್ತಾರೆ. ಆಗ ಅದು ಪೇಟೆಯಲ್ಲಿ ಸಿಗುವ ಮಕ್ಕಳ ಕಾರು, ಅಷ್ಟೆ.

ಬ್ರಿಟನ್ನಿನ ಆ ಕುಸಿತದ ಕಾಲದಲ್ಲೇ ಒಂದು ಒಳ್ಳೆಯದೂ ಬೆಳೆಯಿತು. 1974ರಲ್ಲಿ ಕೆನಡಾದ ಬ್ರೂಕ್ಲಿನ್ ಎಂಬ ಊರಿನಲ್ಲಿ ಹುಟ್ಟಿ, ಬಳಿಕ ಇಂಗ್ಲೆಂಡಿನ ಬಾತ್ ಊರಿಗೆ ಬಂದ ಬ್ರೂಕ್ಲಿನ್ ಮಾಡೆಲ್ಸ್‌ನಂಥ ಸಣ್ಣ ಕಾರ್ಯಾಗಾರಗಳು ಕಾರುಗಳನ್ನು ಕೈಕೆಲಸದಲ್ಲಿ ಮಾಡತೊಡಗಿದವು. ಮೂಲ ಮಾದರಿಯನ್ನು ಕೈಯಲ್ಲಿ ತಿದ್ದಿ, ರಬ್ಬರಿನ ಅಚ್ಚು ತೆಗೆದು, ತವರ ಬೆರೆತ ಬಿಳಿ ಲೋಹ ಸುರಿದು, ಅಂಚನ್ನು ಅರದಿಂದ ಉಜ್ಜಿ, ಬಣ್ಣ ಬಳಿದು ಜೋಡಿಸುವ ಕೆಲಸ ಅದು. ಸಾವಿರಗಟ್ಟಲೆ ಕೂಲಿಯವರ ಕಾರ್ಖಾನೆ ಮುಚ್ಚಿದಾಗ ಕೆಲವೇ ಜನರ ಷೆಡ್ಡು ಬದುಕಿತು. ಮಕ್ಕಳಿಗಾಗಿ ಮಾಡಿದ್ದು ಸೋತು, ದೊಡ್ಡವರ ನೆನಪಿಗಾಗಿ ಮಾಡಿದ್ದು ಗೆದ್ದಿತು. ಮುಗ್ಗಟ್ಟು ಎಲ್ಲವನ್ನೂ ಕೊಲ್ಲುತ್ತದೆ ಎಂದು ಹೇಳುವಂತಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಆ ಷೆಡ್ಡಿಗೆ ಒಂದು ಆಧಾರವಿತ್ತು: ಹೆಚ್ಚು ಬೆಲೆ ತೆತ್ತು ಕೊಳ್ಳುವ, ಮಾಡಿದವರ ಹೆಸರು ಬಲ್ಲ ಗಿರಾಕಿ. ಈ ಆಧಾರ ನಮ್ಮಲ್ಲಿ ಇರಲಿಲ್ಲ ಎಂಬುದು ಮುಂದೆ ತಿಳಿಯಿತು.

1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. ಎರಡು ವರ್ಷದಲ್ಲಿ ನಮ್ಮ ಕಾಫಿಯ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವೇ ಚದುರಿಹೋಯಿತು. 1991ರ ಜುಲೈ ಮೊದಲ ವಾರ ಎರಡು ಹಂತದಲ್ಲಿ ರೂಪಾಯಿಯ ಬೆಲೆ ಇಳಿಸಲಾಯಿತು. ವಿದೇಶದಿಂದ ಪುಟ್ಟ ಕಾರು ತರಿಸುವುದು ಆಗಲೇ ದುಬಾರಿ, ಈಗ ಇನ್ನೂ ದುಬಾರಿ. ಕಪಾಟಿಗೆ ಲೋಹದ ಹೊಸ ಕಾರು ಬರುವುದು ನಿಂತಿತು. ಮರದ್ದು ಮಾತ್ರ ನಿಲ್ಲಲಿಲ್ಲ. ಆ ಬಿಕ್ಕಟ್ಟಿನಲ್ಲಿ ಚನ್ನಪಟ್ಟಣದ ಕಾರು ಕೊಡಗಿನ ಮನೆಗೆ ಹೆಚ್ಚು ಹತ್ತಿರವಾಯಿತು ಎನ್ನಬಹುದು. ವಿದೇಶಿ ಸರಕು ದೂರವಾದಾಗ ನಾಡಿನ ಕೈಕೆಲಸಕ್ಕೆ ಉಸಿರಾಡಲು ಎಡೆ ಸಿಗುತ್ತದೆ. ಕರ್ನಾಟಕ ಸರ್ಕಾರದ ವಿಶ್ವ ಯೋಜನೆ, ಡಚ್ ಸರ್ಕಾರದ ನೆರವು ಚನ್ನಪಟ್ಟಣದ ಕುಶಲಕರ್ಮಿಗಳನ್ನು ತಲುಪಿದವು; 32 ಲೇತುಗಳ ಅರಗಿನ ಕೆಲಸದ ಸಂಕೀರ್ಣ ಎದ್ದು ನಿಂತಿತು. ಕಸುಬಿಗೆ ಇನ್ನು ಭಯವಿಲ್ಲ ಎಂಬ ಭರವಸೆ ಆಗ ಎಲ್ಲೆಡೆ ಕೇಳಿಬರುತ್ತಿತ್ತು.

ಇತ್ತ ಕೊಡಗಿಗೂ ಒಂದು ಭರವಸೆ ಬಂತು. 1992ರಿಂದ ಹಂತಹಂತವಾಗಿ ಬೆಳೆಗಾರರಿಗೆ ತಮ್ಮ ಕಾಫಿಯನ್ನು ತಾವೇ ಮಾರುವ ಹಕ್ಕು ಸಿಕ್ಕಿ, 1996ರ ಹೊತ್ತಿಗೆ ಪೂಲ್ ಪೂರ್ತಿ ಮುಗಿಯಿತು. ಮಧ್ಯದಲ್ಲಿ, 1994ರಲ್ಲಿ, ಬ್ರೆಜಿಲಿಗೆ ಮತ್ತೆ ಮಂಜು ಬಡಿದು ದರ ಜಿಗಿಯಿತು. ಸ್ವಾತಂತ್ರ್ಯ ಮತ್ತು ಸಮೃದ್ಧಿ ಒಟ್ಟಿಗೆ ಬಂದ ಆ ವರ್ಷಗಳನ್ನು ನಮ್ಮ ತಲೆಮಾರು ಮರೆಯಲಾರದು. ಮಾರುತಿ, ಜಿಪ್ಸಿ ಬಂದವು, ಮನೆಗಳಿಗೆ ಟೈಲ್ಸ್ ಬಂತು, ಮಕ್ಕಳು ದೂರದ ಕಾಲೇಜುಗಳಿಗೆ ಹೋದರು. ಕಪಾಟುಗಳು ಅತಿ ವೇಗವಾಗಿ ತುಂಬಿದ್ದೂ ಆಗಲೇ. ಆದರೆ ಒಂದು ಬದಲಾವಣೆ ಸದ್ದಿಲ್ಲದೆ ನಡೆಯಿತು. ಕೈಯಲ್ಲಿ ಹೆಚ್ಚು ಹಣ ಬಂದಾಗ ನಾವು ಹೆಚ್ಚು ಕೊಂಡೆವು, ಹೆಚ್ಚು ಒಳ್ಳೆಯದನ್ನು ಕೊಳ್ಳಲಿಲ್ಲ. ಆಚಾರಿಗೆ ಜೀಪು ಕೆತ್ತಲು ಹೇಳುವ ರೂಢಿ ತಪ್ಪಿತು. ಬೆಂಗಳೂರಿನ ಅಂಗಡಿಯಲ್ಲಿ ಹೊಳೆಯುವ ಪೆಟ್ಟಿಗೆಯಲ್ಲಿ ಬಂದದ್ದು ಮೇಲಾಯಿತು. ಸುಭಿಕ್ಷದಲ್ಲೇ ಕೈಕೆಲಸದಿಂದ ಕಣ್ಣು ತೆಗೆದೆವು. ದುರ್ಭಿಕ್ಷ ಬಂದಾಗ ಅದಕ್ಕೆ ಕಾವಲು ನಿಲ್ಲುವವರು ಕಡಿಮೆಯಾಗಿದ್ದರು.

ದುರ್ಭಿಕ್ಷ ಬಂತು. 1999ರಿಂದ ಕಾಫಿ ದರ ಇಳಿಯತೊಡಗಿ, 2001ರಲ್ಲಿ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಸಂಯುಕ್ತ ಸೂಚಕ ದರ ಪೌಂಡಿಗೆ 46 ಸೆಂಟ್ ಆಸುಪಾಸಿಗೆ ಬಂದು ನಿಂತಿತು. ವಿಯೆಟ್ನಾಂ ಹೊಸದಾಗಿ ನೆಟ್ಟ ರೊಬಸ್ಟಾ ಫಲಕ್ಕೆ ಬಂದು, ಆ ದೇಶ ಬ್ರೆಜಿಲ್ ನಂತರದ ಸ್ಥಾನಕ್ಕೆ ಏರಿತ್ತು. ಪೂಲಿನ ನೆರಳಿಲ್ಲದೆ ಬೆಳೆಗಾರ ನೇರ ಬಿಸಿಲಿಗೆ ನಿಂತ ಮೊದಲ ಬೇಸಗೆ ಅದು. ಗೊಬ್ಬರ ನಿಂತಿತು, ಕಸಿ ನಿಂತಿತು, ಕೂಲಿಯವರ ಬಟವಾಡೆ ತಡವಾಯಿತು. ಸಹಕಾರ ಸಂಘದ ಸಾಲ ಬೆಳೆಯಿತು. ಚಿನ್ನ ಅಡವಿಗೆ ಹೋಯಿತು, ಬೆಳ್ಳಿ ಮಾರಾಟಕ್ಕೆ ಹೋಯಿತು, ಕೆಲವು ತೋಟಗಳು ಕೈ ಬದಲಿಸಿದವು. ಆಗ ಕಪಾಟಿನ ಕಾರುಗಳಿಗೆ ಏನಾಯಿತು? ಏನೂ ಆಗಲಿಲ್ಲ. ಮರದ ಕಾರನ್ನು ಯಾವ ಬ್ಯಾಂಕೂ ಒತ್ತೆ ಇಟ್ಟುಕೊಳ್ಳುವುದಿಲ್ಲ, ಯಾವ ಸೇಟೂ ತೂಗುವುದಿಲ್ಲ. ಅಡವಿಗೆ ಬಾರದ ವಸ್ತುವೆಂದೇ ಅದು ಮನೆಯಲ್ಲಿ ಉಳಿಯಿತು. ಸಂಗ್ರಾಹಕ ಕಳೆದುಕೊಂಡದ್ದು ಏನೂ ಇಲ್ಲ. ಅವನು ಕೊಳ್ಳುವುದನ್ನು ನಿಲ್ಲಿಸಿದ, ಅಷ್ಟೆ. ಈ ಅಷ್ಟೆ ಎಂಬುದರ ಬೆಲೆ ತೆತ್ತವರು ಬೇರೆ ಊರಿನಲ್ಲಿ, ಲೇತಿನ ಮುಂದೆ ಕೂತಿದ್ದರು.

ಅದೇ 2001ರ ಏಪ್ರಿಲ್ 1ರಂದು ದೇಶ ಆಮದಿನ ಮೇಲಿದ್ದ ಪ್ರಮಾಣ ನಿರ್ಬಂಧಗಳನ್ನು ಪೂರ್ತಿ ತೆಗೆದುಹಾಕಿತು. ಚೀನಾದ ಪ್ಲಾಸ್ಟಿಕ್ ಆಟಿಕೆ ಹಳ್ಳಿಯ ಸಂತೆಗೂ ಬಂತು. ಕಾಫಿ ಬಿದ್ದ ವರ್ಷವೇ ಆಟಿಕೆಯ ಬಾಗಿಲು ತೆರೆದದ್ದು ಚನ್ನಪಟ್ಟಣಕ್ಕೆ ಎರಡು ಕಡೆಯ ಹೊಡೆತ: ಹಳೆಯ ಗಿರಾಕಿಯ ಕೈ ಬರಿದಾಗಿತ್ತು, ಹೊಸ ಗಿರಾಕಿಗೆ ಅಗ್ಗದ್ದು ಸಿಕ್ಕಿತ್ತು. ದಾಸ್ತಾನು ಕೊಳ್ಳದ ಅಂಗಡಿ, ಮುಂಗಡ ಕೊಡದ ವ್ಯಾಪಾರಿ, ದುಬಾರಿಯಾದ ಅರಗು ಮತ್ತು ಮರ. ಅದೇ ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ 1999ರ ಕೊನೆಯಲ್ಲಿ ಟೊಯೋಟಾ ಕಾರ್ಖಾನೆ ನಿಜವಾದ ಕಾರುಗಳನ್ನು ಹೊರತರಲು ಆರಂಭಿಸಿತ್ತು. ಅದರ ಸುತ್ತ ಬೇರೆ ಕಾರ್ಖಾನೆಗಳೂ ಎದ್ದವು. ತಿಂಗಳ ಸಂಬಳ, ಸಮವಸ್ತ್ರ, ಭವಿಷ್ಯನಿಧಿ ಎದುರಿಗೆ ಕಾಣುವಾಗ ದೂಳು ಕುಡಿಯುವ ಅಪ್ಪನ ಕಸುಬಿಗೆ ಕೂರು ಎಂದು ಯಾವ ಮಗನಿಗೆ ಹೇಳಲಾದೀತು? ಹೋದವರನ್ನು ದೂರುವ ಹಕ್ಕು ನಮಗಿಲ್ಲ. ಅವರು ಹೋದದ್ದರಿಂದ ಏನು ಹೋಯಿತು ಎಂಬುದನ್ನಾದರೂ ಗುರುತಿಸಬೇಕು. ಅಂಗಡಿ ಮುಚ್ಚಿದರೆ ಮರುವರ್ಷ ತೆರೆಯಬಹುದು. ಎಳವೆಯಿಂದ ಲೇತಿನ ಬಳಿ ಕೂತು ಪಳಗುವ ಕೈ ಒಂದು ತಲೆಮಾರು ಬಿಟ್ಟುಹೋದರೆ, ಮತ್ತೆ ತಯಾರಾಗಲು ಒಂದು ತಲೆಮಾರೇ ಬೇಕು.

ಇದು ಚನ್ನಪಟ್ಟಣದ ಕಥೆ ಮಾತ್ರ ಎಂದು ಕೊಡಗಿನವರು ಸುಮ್ಮನಿರುವಂತಿಲ್ಲ. ನಮ್ಮದೇ ಪೀಚೆಕತ್ತಿಯನ್ನು ನೋಡಿ. ಕೊಡವ ಗಂಡಸರ ಉಡುಗೆಯಾದ ಕುಪ್ಯಚೇಲೆಯಲ್ಲಿ ಮುಂದೆ ಸೊಂಟದ ಚೇಲೆಗೆ ಸಿಕ್ಕಿಸುವ ಆ ಕಿರುಗತ್ತಿಯ ಹಿಡಿ, ಒರೆ, ಬೆಳ್ಳಿಯ ಸರಪಳಿ, ಅದರ ತುದಿಯ ಪುಟ್ಟ ಪುಟ್ಟ ಸಲಕರಣೆಗಳು, ಎಲ್ಲವೂ ಕಿರಿದರಲ್ಲಿ ಹಿರಿದನ್ನು ತೋರುವ ಕೆಲಸ. ದೊಡ್ಡದನ್ನು ಬೆರಳುದ್ದಕ್ಕೆ ಇಳಿಸುವ ಕಲೆ ಈ ನಾಡಿಗೆ ಹೊರಗಿನಿಂದ ಬಂದದ್ದಲ್ಲ. ದೇವರಕಾಡಿನಲ್ಲಿ ಅಯ್ಯಪ್ಪನಿಗೆ ಹರಕೆಯಾಗಿ ಒಪ್ಪಿಸುವ ಮಣ್ಣಿನ ನಾಯಿಗಳಲ್ಲೂ ಅದೇ ಕೈ ಕಾಣುತ್ತದೆ. ಕಾಫಿ ಬಿದ್ದಾಗಲೆಲ್ಲ ಮನೆಯ ಬೆಳ್ಳಿ ಅಕ್ಕಸಾಲಿಗನ ಬಳಿಗೆ ಮರಳಿದ್ದುಂಟು, ಹೊಸ ಕೆಲಸಕ್ಕಲ್ಲ, ಕರಗಿಸಲು. ಒಳ್ಳೆಯ ಕಾಲ ಬಂದಾಗ ಜನ ಮದುವೆಗೆ ಹೊಸ ಪೀಚೆಕತ್ತಿ ಕೊಂಡರು. ಹೊರಗಿನಿಂದ ಅಚ್ಚಿನಲ್ಲಿ ಒಂದೇ ತೆರನಾಗಿ ಬಂದದ್ದನ್ನೂ ಕೊಂಡರು. ಉಡುಗೆ ಉಳಿಯಿತು, ಹಬ್ಬ ಉಳಿಯಿತು, ಕೈಲ್‌ಪೊಳ್ದ್ ದಿನ ಆಯುಧಕ್ಕೆ ಪೂಜೆಯೂ ತಪ್ಪಲಿಲ್ಲ. ಆಯುಧ ಮಾಡುವ ಕುಲುಮೆಗಳು ಮಾತ್ರ ಒಂದೊಂದಾಗಿ ಆರಿದವು.

2008ರ ಕುಸಿತ ಬೇರೆ ದಾರಿಯಿಂದ ಬಂತು. ಅಮೆರಿಕದ ಬ್ಯಾಂಕುಗಳು ಮುಳುಗಿದಾಗ ಕಾಫಿ ದರ 2001ರಂತೆ ನೆಲಕಚ್ಚಲಿಲ್ಲ. ಆದರೆ ಆ ಹೊತ್ತಿಗೆ ಕೊಡಗಿನ ಮನೆಗಳ ಆದಾಯ ತೋಟವೊಂದರಿಂದಲೇ ಬರುತ್ತಿರಲಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ, ಕೊಲ್ಲಿಯಲ್ಲಿ, ಅಮೆರಿಕದಲ್ಲಿ ಮಕ್ಕಳಿದ್ದರು. ನೌಕರಿಯ ಭಯ ಮನೆಗೆ ದೂರವಾಣಿಯಲ್ಲಿ ಬಂತು. ಚನ್ನಪಟ್ಟಣದಿಂದ ಯುರೋಪು, ಅಮೆರಿಕಗಳಿಗೆ ಆಟಿಕೆ ಕಳಿಸುತ್ತಿದ್ದವರಿಗೆ ಹೊರಗಿನ ಬೇಡಿಕೆಯ ಏರುಪೇರು ನೇರವಾಗಿ ತಟ್ಟತೊಡಗಿತು. 2009ರ ಜನವರಿಯಲ್ಲಿ ಕೇಂದ್ರ ಸರ್ಕಾರ ಚೀನಾ ಆಟಿಕೆಗಳ ಆಮದನ್ನು ಆರು ತಿಂಗಳು ನಿಷೇಧಿಸಿ, ಕೆಲವೇ ವಾರಗಳಲ್ಲಿ ಸಡಿಲಿಸಿತು. ಅದಕ್ಕೂ ಮೊದಲೇ ಚನ್ನಪಟ್ಟಣದ ಆಟಿಕೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತ್ತು. ಹೆಸರಿಗೆ ರಕ್ಷಣೆ ಬಂತು; ಹೆಸರು ಹೊತ್ತವರಿಗೆ ಕೂಲಿ ಏರಲಿಲ್ಲ. 2019ರಲ್ಲಿ ನಮ್ಮ ಕೊಡಗು ಅರೇಬಿಕಾಕ್ಕೂ ಅದೇ ಮಾನ್ಯತೆ ಬಂದಾಗ ಈ ಪಾಠ ನೆನಪಿಗೆ ಬರಬೇಕಿತ್ತು. ಮುದ್ರೆ ಗೌರವ ಕೊಡುತ್ತದೆ. ಗಿರಾಕಿಯನ್ನು ಕೊಡುವುದು ಬೇರೆ ಕೆಲಸ.

2018ರ ಆಗಸ್ಟ್ ತಿಂಗಳನ್ನು ಇಲ್ಲಿ ವಿವರಿಸಬೇಕಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಎಂದರೆ ಸಾಕು. ಬೆಟ್ಟವೇ ಜಾರಿ ಬಂದಾಗ ಮನೆಯೊಂದಿಗೆ ಮನೆಯ ಕಪಾಟೂ ಹೋಯಿತು. ಅಡವಿನಿಂದ, ಬರಗಾಲದಿಂದ, ಮಕ್ಕಳ ತುಂಟಾಟದಿಂದ ಉಳಿದುಬಂದ ಎಷ್ಟೋ ವಸ್ತುಗಳು ಮಣ್ಣಿನಡಿ ಸೇರಿದವು. ಮನುಷ್ಯರನ್ನೇ ಕಳೆದುಕೊಂಡವರ ಮುಂದೆ ಇದನ್ನು ನಷ್ಟವೆಂದು ಹೇಳಲು ನಾಲಿಗೆ ಏಳುವುದಿಲ್ಲ. ಆದರೂ ದೀರ್ಘ ಲೆಕ್ಕದಲ್ಲಿ ಅದೂ ಬರೆಯಬೇಕಾದ ಸಾಲು. ಒಂದು ಕಾಲಕ್ಕೆ ಕಿಲೋಗೆ 700 ರೂಪಾಯಿ ಮುಟ್ಟಿದ್ದ ಕರಿಮೆಣಸು ಆಗ ಅದರ ಅರ್ಧಕ್ಕೆ ಇಳಿದಿತ್ತು. ಮರುವರ್ಷವೂ ಮಳೆ ಕಾಡಿತು, ಅದರ ಬೆನ್ನಿಗೆ 2020ರ ಕೊರೊನಾ ಲಾಕ್‌ಡೌನ್. ಬಸ್ಸು ನಿಂತಿತು, ಪ್ರವಾಸಿ ನಿಂತ, ಚನ್ನಪಟ್ಟಣದ ಅಂಗಡಿಗಳ ಬಾಗಿಲು ಮುಚ್ಚಿತು. ತಿಂಗಳುಗಟ್ಟಲೆ ಲೇತು ತಿರುಗಲಿಲ್ಲ.

ಆ ಕತ್ತಲ ವರ್ಷದಲ್ಲೇ ಅತಿ ದೊಡ್ಡ ಭರವಸೆಗಳು ಹುಟ್ಟಿದವು. 2020ರ ಫೆಬ್ರವರಿಯ ಬಜೆಟ್ಟಿನಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ ಶೇ. 70 ಆಯಿತು. 2020ರ ಆಗಸ್ಟ್ 30ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯವರು ಚನ್ನಪಟ್ಟಣದ ಹೆಸರೆತ್ತಿದರು. ಕೊಪ್ಪಳದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರು, 40,000 ಉದ್ಯೋಗ ಎಂಬ ಘೋಷಣೆ ರಾಜ್ಯ ಸರ್ಕಾರದಿಂದ ಬಂತು. 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾದಾಗ, ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ ಆಟಿಕೆಗಳಿಗೂ ವಿನಾಯಿತಿ ಸಿಕ್ಕಿತು. ಇದು ತಿಳಿದು ಮಾಡಿದ ಒಳ್ಳೆಯ ಕೆಲಸ, ಇಲ್ಲದಿದ್ದರೆ ಸಣ್ಣ ಲೇತಿನವನು ಪರೀಕ್ಷೆಯ ಶುಲ್ಕದಲ್ಲೇ ಸೋಲುತ್ತಿದ್ದ. ಇವೆಲ್ಲದರಿಂದ ಬೇಡಿಕೆ ಮರಳಿದ್ದು ಸುಳ್ಳಲ್ಲ. ಹೊಸ ವಿನ್ಯಾಸಗಳು ಬಂದವು, ಅರಿಸಿನ ಮೊದಲಾದ ಗಿಡಮೂಲದ ಬಣ್ಣಗಳಿಗೆ ಮರ್ಯಾದೆ ಬಂತು, ಹೆಂಗಸರು ಲೇತಿನ ಮುಂದೆ ಕೂತರು, ಮೊಬೈಲಿನಲ್ಲಿ ಆರ್ಡರು ಕೊಟ್ಟರೆ ಸೋಮವಾರಪೇಟೆಯ ಮನೆಗೂ ಪಾರ್ಸೆಲ್ ಬರುವಂತಾಯಿತು. ಇವು ಲಾಭದ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಬೇಕಾದವು.

ನಷ್ಟದ ಪುಟದಲ್ಲಿ ಒಂದು ರಸ್ತೆ ಇದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿ ನಮಗೆಲ್ಲ ಬೇಕಿದ್ದ ರಸ್ತೆ. ಆಸ್ಪತ್ರೆಗೆ, ವಿಮಾನಕ್ಕೆ ಹೊರಟವರಿಗೆ ಅದು ಉಳಿಸಿದ ಹೊತ್ತು ಅಮೂಲ್ಯ. ಅದು ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿಗಳನ್ನು ಬದಿಗಿಟ್ಟು ಸಾಗುತ್ತದೆ. ಎರಡು ಮೂರು ತಲೆಮಾರು ಕೊಡಗಿನ ಮಕ್ಕಳ ಕಣ್ಣಿಗೆ ಬಣ್ಣ ತೋರಿದ ಅಂಗಡಿಗಳ ಮುಂದೆ ಈಗ ನಮ್ಮ ಗಾಡಿ ನಿಲ್ಲುವುದಿಲ್ಲ. ಮುಗ್ಗಟ್ಟಿನಲ್ಲಿ ಹಣವಿಲ್ಲದೆ ಕೊಳ್ಳಲಿಲ್ಲ. ಸುಭಿಕ್ಷದಲ್ಲಿ ಅಂಗಡಿ ಕಣ್ಣಿಗೆ ಬೀಳದೆ ಕೊಳ್ಳುತ್ತಿಲ್ಲ. ಕಸುಬಿನವನಿಗೆ ಎರಡರ ಫಲವೂ ಒಂದೇ.

ಈಗ ಮತ್ತೆ ದರ ಬಂದಿದೆ, ಮಾದರಿ ಕಾರಿನ ಹವ್ಯಾಸವೂ ಹೊಸ ಹುರುಪಿನಿಂದ ಬಂದಿದೆ. ಓದು ಮುಗಿಸಿ ನೌಕರಿಗೆ ಸೇರಿದ ಕೊಡಗಿನ ಯುವಕರು 64ರಲ್ಲಿ ಒಂದು, 43ರಲ್ಲಿ ಒಂದು, 18ರಲ್ಲಿ ಒಂದು ಎಂದು ಅಳತೆ ಹೇಳಿ ಕೊಳ್ಳುತ್ತಾರೆ. ಬಾಲ್ಯದಲ್ಲಿ ಅಜ್ಜ ಓಡಿಸುತ್ತಿದ್ದ ಜೀಪಿನ ಬಣ್ಣವನ್ನೇ ಹುಡುಕುತ್ತಾರೆ. ಮನೆಯಲ್ಲೇ ಯಂತ್ರದಲ್ಲಿ ಮುದ್ರಿಸಿ, ಕೈಯಲ್ಲಿ ತಿದ್ದಿ ಬಣ್ಣ ಹಾಕುವ ಹೊಸ ಕುಶಲಿಗಳೂ ನಗರಗಳಲ್ಲಿ ತಲೆಯೆತ್ತಿದ್ದಾರೆ. ಅವರ ಬಗ್ಗೆ ನಮಗೆ ಪ್ರೀತಿಯಿದೆ. ಯಂತ್ರ ಸೇರಿದ ಮಾತ್ರಕ್ಕೆ ಕೈಕೆಲಸ ಕೈಕೆಲಸವಾಗದೆ ಹೋಗುವುದಿಲ್ಲ, ಚನ್ನಪಟ್ಟಣದ ಲೇತಿಗೂ ವಿದ್ಯುತ್ತು ಬಂದು ಬಹಳ ಕಾಲವಾಯಿತು. ಆದರೆ ಹಳೆಯ ಕಪಾಟಿನಲ್ಲಿದ್ದ, ಆಚಾರಿ ಕೆತ್ತಿದ ಹಲಸಿನ ಜೀಪಿನಂಥದ್ದನ್ನು ಇಂದು ಎಷ್ಟು ಹಣ ಕೊಡುತ್ತೇನೆಂದರೂ ಮಾಡಿಕೊಡುವವರು ಸಿಗುವುದು ಕಷ್ಟ. ಇಷ್ಟು ವರ್ಷದ ಲೆಕ್ಕ ಹೇಳುವುದು ಇದನ್ನೇ. ಮುಗ್ಗಟ್ಟು ಸಂಗ್ರಾಹಕನಿಂದ ಕೆಲವು ವರ್ಷಗಳನ್ನು ಕಸಿದುಕೊಂಡಿತು, ಮಾಡುವವನಿಂದ ಮಗನನ್ನು ಕಸಿದುಕೊಂಡಿತು. ಕಾಫಿ ಗಿಡ ಬುಡಕ್ಕೆ ಕತ್ತರಿಸಿದರೂ ಚಿಗುರುತ್ತದೆ. ಕಸುಬಿಗೆ ಆ ಗುಣವಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಸುಂಕ, ಮುದ್ರೆ, ಕ್ಲಸ್ಟರು ಸರ್ಕಾರದ ಕೆಲಸ, ಅವು ನಡೆಯಲಿ. ಕೊಳ್ಳುವವರ ಕೈಯಲ್ಲಿರುವ ಕೆಲಸವೂ ಸಣ್ಣದಲ್ಲ. ಬಾತ್ ಊರಿನ ಷೆಡ್ಡನ್ನು ಉಳಿಸಿದ್ದು ಮಾಡಿದವರ ಹೆಸರು ಬಲ್ಲ ಗಿರಾಕಿ. ನಮ್ಮ ಕಪಾಟಿನ ಯಾವ ಮರದ ಕಾರಿನ ಅಡಿಯಲ್ಲೂ ಮಾಡಿದವನ ಹೆಸರಿಲ್ಲ. ಇನ್ನು ಮುಂದೆ ಕೊಳ್ಳುವಾಗ ಹೆಸರು ಕೇಳೋಣ, ಬರೆಸಿಕೊಳ್ಳೋಣ. ಹೆದ್ದಾರಿ ಬಿಟ್ಟು ಊರೊಳಗಿನ ರಸ್ತೆಗೆ ಗಾಡಿ ತಿರುಗಿಸೋಣ. ಈ ವರ್ಷದ ದರದಲ್ಲಿ ಒಂದು ಪಾಲನ್ನು ಮುಂದಿನ ಕೆಟ್ಟ ವರ್ಷದ ಆರ್ಡರಿಗೆಂದು ಈಗಲೇ ತೆಗೆದಿಡುವುದು ಬೆಳೆಗಾರನಿಗೆ ಹೊಸ ವಿದ್ಯೆಯಲ್ಲ. ಹೂಮಳೆ ಬಾರದಿದ್ದರೆ ಇರಲಿ ಎಂದು ನೀರು ಹಿಡಿದಿಡುವವರು ನಾವು. ಮಡಿಕೇರಿ, ಗೋಣಿಕೊಪ್ಪಗಳ ದಸರಾ ಸಮಿತಿಗಳು, ಶಾಲೆಗಳು, ಬೆಳೆಗಾರರ ಸಂಘಗಳು ಬಹುಮಾನಕ್ಕೆಂದು ಕೊಳ್ಳುವ ಪ್ಲಾಸ್ಟಿಕ್ ಕಪ್ಪಿನ ಬದಲು ಇಲ್ಲಿನ ಆಚಾರಿಯಿಂದ ಒಂದು ಜೀಪು, ಚನ್ನಪಟ್ಟಣದಿಂದ ಒಂದು ಕಾರು ಮಾಡಿಸಲಿ. ಐನ್‌ಮನೆಯ ಕುಟುಂಬಗಳು ಪೀಚೆಕತ್ತಿಯನ್ನು ಅಚ್ಚಿನದು ಕೊಳ್ಳದೆ ಅಕ್ಕಸಾಲಿಗನಿಗೆ ಹೇಳಿ ಮಾಡಿಸಲಿ. ದರ ಇಂದು ಇದೆ, ನಾಳೆ ಇಳಿಯುತ್ತದೆ. 1977, 1994, 2001 ನಮಗೆ ಹೇಳಿಕೊಟ್ಟದ್ದು ಅದೇ. ಇಳಿದ ವರ್ಷದಲ್ಲೂ ಒಂದು ಕಾರಿಗೆ ಆರ್ಡರು ಕೊಡುವವರು ಕೊಡಗಿನ ಪ್ರತಿ ಊರಿನಲ್ಲಿ ಒಬ್ಬರಿದ್ದರೆ, ಈಗ ಲೇತಿನ ಮುಂದಿರುವ ಕೈಗಳು ಅಲ್ಲೇ ಉಳಿಯುತ್ತವೆ, ಅವರ ಪಕ್ಕದಲ್ಲಿ ಮಕ್ಕಳೂ ಕೂರುತ್ತಾರೆ. ಅಷ್ಟನ್ನು ಮಾಡುವ ಶಕ್ತಿ ಈ ವರ್ಷ ನಮ್ಮ ಕೈಯಲ್ಲಿದೆ.